ಕಾಲೋನಿ: ಒಂದು ಪದದ ಚಕ್ಕುಬಂದಿ

ಕಳೆದ ವರ್ಷ ಬಿ.ಎ. ಕೊನೆಯ ವರ್ಷದ ಐಚ್ಛಿಕ ಕನ್ನಡ ತರಗತಿಯಲ್ಲಿ ವಸಾಹತೋತ್ತರ ವಿಮರ್ಶೆಯ ಪಾಠ ಶುರು ಮಾಡಿದ ದಿನ ಬೋರ್ಡಿನ ಮೇಲೆ ‘ವಸಾಹತು’ ಎಂದು ಬರೆದೆ. ಅದು ಯಾರಿಗೂ ಏನೂ ಅನ್ನಿಸದ ಪದ. ಪಠ್ಯದ ಪದ, ಪರೀಕ್ಷೆಯ ಪದ. ಅರ್ಥ ಬಿಡಿಸೋಣ ಅಂತ ಅದರ ಪಕ್ಕದಲ್ಲಿ ‘ಕಾಲೋನಿ’ ಎಂದು ಬರೆದೆ. ನಡುವಿನ ಬೆಂಚುಗಳಲ್ಲಿ ಕಿಸಕ್ಕನೆ ನಗು ಎದ್ದಿತು. ಇಬ್ಬರು ಹುಡುಗರು ತಿರುಗಿ ಕೊನೇ ಬೆಂಚಿನ ಮೂಲೆಯಲ್ಲಿ ಕೂತಿದ್ದವನನ್ನು ನೋಡಿದರು. ಅವನು ಪುಸ್ತಕದ ಮೇಲೆ ಬಗ್ಗಿ ಏನೋ ಬರೆಯುವವನ ಹಾಗೆ ಮಾಡಿದ.

ಪಾಠ ಮುಗಿದ ಮೇಲೆ ವರಾಂಡದಲ್ಲಿ ಅವನೇ ಬಂದ. “ಮೇಡಂ, ಆ ಪದನ ಇಂಗ್ಲಿಷ್ ಅಕ್ಷರದಲ್ಲೇ ಬರೀಬೋದಿತ್ತಲ್ವಾ? ಕನ್ನಡದಲ್ಲಿ ಬರದ್ರೆ ಅದು ನಮ್ ಕಾಲೋನಿ ಆಗ್ಬಿಡ್ತದೆ” ಅಂದ. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ನಾನೂ ಕಾಲೋನಿಯವಳೇ ಕಣಪ್ಪಾ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಆ ಕಾಲೇಜಿನಲ್ಲಿ ಅದು ಆವರೆಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನಾನೇ ನೋಡಿಕೊಂಡಿದ್ದೆ ಅನ್ನುವುದು ನಿಜವಾದ ಮಾತು.

ಆ ಹುಡುಗ ಹೇಳಿದ್ದನ್ನು ಒಂದು ವಿಮರ್ಶೆಯ ಮಾತಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂದು ನೋಡುವುದು ಈ ಬರಹದ ಉದ್ದೇಶ. ಒಂದೇ ಇಂಗ್ಲಿಷ್ ಪದ ನಮ್ಮ ನಾಡಿಗೆ ಎರಡು ದಾರಿಯಲ್ಲಿ ಬಂದಿದೆ. ವಿಶ್ವವಿದ್ಯಾಲಯದ ದಾರಿಯಲ್ಲಿ ಬಂದದ್ದು ಅನುವಾದಗೊಂಡು ‘ವಸಾಹತು’ ಆಯಿತು. ತಾಲ್ಲೂಕು ಕಚೇರಿಯ ದಾರಿಯಲ್ಲಿ ಬಂದದ್ದು ಅನುವಾದವಿಲ್ಲದೆ ‘ಕಾಲೋನಿ’ಯಾಗಿ ಊರ ಹೊರಗೆ ಕೂತಿತು. ನಮ್ಮ ವಿಮರ್ಶೆ ಮೊದಲನೆಯದರ ಬಗ್ಗೆ ನಲವತ್ತು ವರ್ಷದಿಂದ ಬರೆಯುತ್ತಲೇ ಇದೆ. ಎರಡನೆಯದರ ಬಗ್ಗೆ ಬರೆದದ್ದು ತೀರ ಕಡಿಮೆ. ಇವೆರಡೂ ಒಂದೇ ಪದ ಎಂಬುದನ್ನು ನಾನು ಕೂಡ ಆ ದಿನ ಬೋರ್ಡಿನ ಮುಂದೆ ನಿಂತಾಗಲೇ ಕಂಡದ್ದು.

ಪದದ ಬೇರಿನಿಂದ ಶುರು ಮಾಡೋಣ. ಲ್ಯಾಟಿನ್ನಿನಲ್ಲಿ ‘ಕೊಲೆರೆ’ ಎಂಬ ಒಂದು ಕ್ರಿಯಾಪದವಿದೆ. ಉಳು, ಸಾಗುವಳಿ ಮಾಡು, ಒಂದು ಕಡೆ ನೆಲೆಸು, ಪೂಜಿಸು — ಇಷ್ಟೂ ಅರ್ಥ ಅದಕ್ಕೆ. ಅದರಿಂದ ಹುಟ್ಟಿದ ‘ಕೊಲೊನುಸ್’ ಎಂದರೆ ಉಳುವವ. ಉಳುವವರನ್ನು ಕೂರಿಸಿದ ಜಾಗ ‘ಕೊಲೋನಿಯಾ’. ಅಗ್ರಿಕಲ್ಚರ್, ಕಲ್ಚರ್, ಕಲ್ಟ್ ಎಲ್ಲವೂ ಇದೇ ಬೇರಿನ ಕೊಂಬೆಗಳು. ಅಂದರೆ ನಾವು ಸಂಸ್ಕೃತಿ ಎಂದು ಅನುವಾದಿಸುವ ಪದವೂ ವಸಾಹತು ಎಂದು ಅನುವಾದಿಸುವ ಪದವೂ ಒಂದೇ ಹೊಲದಲ್ಲಿ ಬೆಳೆದವು. ಸಂಸ್ಕೃತಿ ಚಿಂತಕರು ಈ ದಾಯಾದಿತನವನ್ನು ಯಾಕೋ ಹೆಚ್ಚು ಎತ್ತುವುದಿಲ್ಲ.

ರೋಮನ್ನರು ತಮ್ಮ ಸೈನಿಕರು ಸೇವೆ ಮುಗಿಸಿದ ಮೇಲೆ, ಗೆದ್ದ ನಾಡಿನಲ್ಲಿ ಅವರಿಗೆ ಜಮೀನು ಅಳೆದು ಕೊಟ್ಟು ಕೂರಿಸುತ್ತಿದ್ದರು. ಆ ಜಮೀನು ಬೇರೆಯವರದ್ದಾಗಿತ್ತು, ಕಿತ್ತುಕೊಂಡದ್ದು. ಅದನ್ನು ಮರೆಯುವ ಹಾಗಿಲ್ಲ. ಆದರೆ ಕೊಲೋನಿಯಾ ಎಂದರೆ ಮೊದಲು ಜಮೀನು, ಆಮೇಲೆ ಮನೆ. ಜರ್ಮನಿಯ ಕಲೋನ್ ನಗರದ ಹೆಸರು ಈ ಪದವೇ, ಕ್ರಿ.ಶ. 50ರಲ್ಲಿ ಅದಕ್ಕೆ ಕೊಲೋನಿಯಾದ ಸ್ಥಾನ ಸಿಕ್ಕಿತು. ಇಂಗ್ಲೆಂಡಿನ ಲಿಂಕನ್ ಊರಿನ ಹೆಸರಿನ ಕೊನೆಯಲ್ಲಿ ಉಳಿದಿರುವ ‘ಕನ್’ ಕೂಡ ಅದೇ. ಜಗತ್ತನ್ನೆಲ್ಲ ಕಾಲೋನಿ ಮಾಡಿಕೊಂಡವರ ನಾಡೇ ಒಂದು ಕಾಲಕ್ಕೆ ಇನ್ನೊಬ್ಬರ ಕಾಲೋನಿಯಾಗಿತ್ತು. ಇದನ್ನು ಹೇಳಿದರೆ ನಮ್ಮ ವಿದ್ಯಾರ್ಥಿಗಳಿಗೆ ಖುಷಿಯಾಗುತ್ತದೆ.

ಮುಂದೆ ಆದದ್ದು ಇನ್ನೂ ಗಮನಿಸಬೇಕಾದ್ದು. ರೋಮನ್ ಸಾಮ್ರಾಜ್ಯದ ಕೊನೆಯ ಶತಮಾನಗಳಲ್ಲಿ ‘ಕೊಲೊನುಸ್’ ಎಂಬ ಪದದ ಅರ್ಥವೇ ತಿರುಗಿಬಿಟ್ಟಿತು. ಜಮೀನಿನ ಒಡೆಯನಾಗಿ ಉಳುವವನು ಹೋಗಿ, ದೊಡ್ಡ ಒಡೆಯನ ಜಮೀನಿಗೆ ಕಟ್ಟುಬಿದ್ದು ಉಳುವವನು ಎಂದಾಯಿತು. ಕ್ರಿ.ಶ. 332ರಲ್ಲಿ ಕಾನ್‌ಸ್ಟಂಟೈನ್ ದೊರೆ ಹೊರಡಿಸಿದ ಕಾನೂನಿನ ಪ್ರಕಾರ ಓಡಿಹೋಗುವ ಯೋಚನೆ ಮಾಡಿದ ಕೊಲೊನುಸನನ್ನು ಗುಲಾಮನ ಹಾಗೆ ಸರಪಳಿ ಹಾಕಿ ಕಟ್ಟಬಹುದಿತ್ತು. ನಮ್ಮ ಭಾಷೆಯಲ್ಲಿ ಇದಕ್ಕೆ ಜೀತ ಅನ್ನುತ್ತಾರೆ. ಭಾರತದಲ್ಲಿ ಜೀತವನ್ನು ಕಾನೂನಿನ ಪ್ರಕಾರ ರದ್ದು ಮಾಡಿದ್ದು 1976ರಲ್ಲಿ. ಉಳುವವನ ಹೆಸರು ಹೀಗೆ ಜೀತದಾಳಿನ ಹೆಸರಾಗುವ ಕಥೆ ರೋಮಿನದ್ದೋ ನಮ್ಮದೋ ಅನ್ನುವ ಅನುಮಾನ ಓದುವಾಗ ನನಗೆ ಬಂದದ್ದುಂಟು.

ಇಂಗ್ಲಿಷಿಗೆ ಬಂದ ಮೇಲೆ ಈ ಪದ ಹಡಗು ಹತ್ತಿತು. 1607ರಲ್ಲಿ ವರ್ಜೀನಿಯಾ, 1620ರಲ್ಲಿ ಪ್ಲಿಮತ್. ಅಮೆರಿಕದ ಹದಿಮೂರು ಕಾಲೋನಿಗಳು. ಆಸ್ಟ್ರೇಲಿಯಾಕ್ಕೆ 1788ರಲ್ಲಿ ಕೈದಿಗಳನ್ನು ಸಾಗಿಸಿದಾಗ ಶಿಕ್ಷೆಯ ಕಾಲೋನಿ, ಅಂಥದ್ದೇ ಇನ್ನೊಂದು 1858ರಿಂದ ನಮ್ಮ ಅಂಡಮಾನಿನಲ್ಲಿ. ಕುಷ್ಠರೋಗಿಗಳನ್ನು ದೂರ ಇಟ್ಟ ಜಾಗವೂ ಕಾಲೋನಿ. ಜೀವವಿಜ್ಞಾನದವರು ಇರುವೆಗೂ ಜೇನಿಗೂ ಹವಳಕ್ಕೂ ಇದೇ ಪದ ಹಚ್ಚಿದರು. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಒಂದು ಬ್ಯಾಕ್ಟೀರಿಯಾದಿಂದ ಬೆಳೆದ ಚುಕ್ಕೆಯೂ ಕಾಲೋನಿಯೇ. ಒಂದೇ ಜಾತಿಯವು, ಒತ್ತೊತ್ತಾಗಿ, ಬೇರೆಯವುಗಳಿಂದ ಪ್ರತ್ಯೇಕವಾಗಿ ಎಂಬ ಅರ್ಥ ಎಲ್ಲದರಲ್ಲೂ ಉಳಿಯಿತು. ಉಳುಮೆ ಎಂಬ ಅರ್ಥ ಮಾತ್ರ ಮೆಲ್ಲಗೆ ಉದುರಿತು.

ಇನ್ನೊಂದು ವಿಚಿತ್ರ. ನಾವು ಬಾಯಿತುಂಬ ‘ವಸಾಹತು ಭಾರತ’ ಅನ್ನುತ್ತೇವೆ. ಲಂಡನ್ನಿನ ಕಡತಗಳಲ್ಲಿ ಸಿಲೋನ್ ಕಾಲೋನಿ, ಭಾರತ ಅಲ್ಲ. ಕಾಲೋನಿಗಳನ್ನು ನೋಡಿಕೊಳ್ಳಲು ಕಲೋನಿಯಲ್ ಆಫೀಸ್ ಇತ್ತು. ಭಾರತಕ್ಕೆ 1858ರಿಂದ ಬೇರೆಯೇ ಇಂಡಿಯಾ ಆಫೀಸ್ ಇತ್ತು. ಬ್ರಿಟಿಷ್ ಆಡಳಿತ ಭಾರತದೊಳಗೇ ಅಧಿಕೃತವಾಗಿ ‘ಕಾಲೋನಿ’ ಎಂದು ಕರೆದದ್ದು ಪಂಜಾಬಿನ ಕಾಲುವೆ ಕಾಲೋನಿಗಳನ್ನು. 1880ರ ದಶಕದಿಂದ ಅಲ್ಲಿ ನಾಲೆ ತೋಡಿ, ಬೀಳು ನೆಲಕ್ಕೆ ನೀರು ಹರಿಸಿ, ರೈತರನ್ನು ಕರೆತಂದು ಜಮೀನು ಕೊಟ್ಟು ಕೂರಿಸಿದರು. ಚೆನಾಬ್ ಕಾಲೋನಿ, ಲಯಾಲ್‌ಪುರ ಇವೆಲ್ಲ ಹಾಗೆ ಎದ್ದವು. ಅಪ್ಪಟ ರೋಮನ್ ಅರ್ಥದ ಕಾಲೋನಿಗಳು. ಆದರೆ ಅಲ್ಲಿ ಜಮೀನು ಸಿಕ್ಕಿದ್ದು ಮುಖ್ಯವಾಗಿ ಆಗಲೇ ಜಮೀನಿದ್ದ ಜಾತಿಗಳಿಗೆ. 1900ರ ಪಂಜಾಬ್ ಭೂ ಪರಭಾರೆ ಕಾಯ್ದೆ ‘ಕೃಷಿಕ ಬುಡಕಟ್ಟು’ಗಳ ಒಂದು ಪಟ್ಟಿಯನ್ನೇ ಮಾಡಿ, ಪಟ್ಟಿಯ ಹೊರಗಿನವರು ಅವರ ಜಮೀನನ್ನು ಕೊಳ್ಳದಂತೆ ತಡೆಯಿತು. ದಲಿತ ಜಾತಿಗಳು ಬಹುಪಾಲು ಆ ಪಟ್ಟಿಯ ಹೊರಗೇ ಉಳಿದವು. ಹೊಲದಲ್ಲಿ ದುಡಿದವರು ಅವರು, ಕಾಗದದ ಮೇಲೆ ಕೃಷಿಕರಲ್ಲದವರೂ ಅವರೇ. ಬ್ರಿಟಿಷರು ಬಂದದ್ದರಿಂದ ನಮಗೆ ಒಳ್ಳೆಯದಾಯಿತು ಎಂದು ಒಂದೇ ಉಸಿರಿನಲ್ಲಿ ಹೇಳುವ ನಮ್ಮ ಕೆಲವು ಗೆಳೆಯರು ಈ ಕಾಯ್ದೆಯನ್ನು ಒಮ್ಮೆ ನೋಡಬೇಕು. ಶಾಲೆ, ಸೈನ್ಯ, ಇಂಗ್ಲಿಷ್ ಸಿಕ್ಕಿದ್ದು ನಿಜ. ನೆಲ ಸಿಗಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಕನ್ನಡದಲ್ಲಿ ಮೊದಲಿದ್ದ ಪದ ಕೇರಿ. ಕೇರಿ ಎಂದರೆ ಬೀದಿ, ಅಷ್ಟೇ. ಬ್ರಾಹ್ಮಣರ ಕೇರಿ, ಒಕ್ಕಲಗೇರಿ, ಕುಂಬಾರಗೇರಿ, ಹೊಲಗೇರಿ ಎಲ್ಲವೂ ಕೇರಿಗಳೇ. ಊರ ಹೊರಗಿನದು ಎಂಬ ಕಳಂಕ ಹಿಂದಿನ ಪದಕ್ಕಿತ್ತು, ‘ಕೇರಿ’ಗೆ ಇರಲಿಲ್ಲ. ತಮಿಳಿನಲ್ಲಿ ಇದರ ಜೊತೆಪದ ಚೇರಿ. ಅಲ್ಲಿ ಅದು ಪೂರಾ ದಲಿತರ ವಾಸಸ್ಥಳ ಎಂಬ ಅರ್ಥಕ್ಕೆ ಇಳಿದುಬಿಟ್ಟಿತು. ಕನ್ನಡದಲ್ಲೂ ‘ಊರು, ಕೇರಿ’ ಎಂದು ಎರಡನ್ನು ಎದುರುಬದುರು ನಿಲ್ಲಿಸಿದಾಗ ಅದೇ ಅರ್ಥ ಬರುತ್ತದೆ. ಸಿದ್ಧಲಿಂಗಯ್ಯನವರ ಆತ್ಮಕಥೆಗೆ ‘ಊರುಕೇರಿ’ ಎಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ.

ಸರ್ಕಾರ ದಲಿತರಿಗೆ ನಿವೇಶನ ಕೊಟ್ಟು ಸಾಲಾಗಿ ಮನೆ ಕಟ್ಟಿಸತೊಡಗಿದಾಗ ‘ಕೇರಿ’ ಎಂದು ಬೋರ್ಡ್ ಬರೆಸಲಿಲ್ಲ, ‘ಹರಿಜನ ಕಾಲೋನಿ’ ಎಂದು ಬರೆಸಿತು. ಹಳೇ ಮೈಸೂರಿನ ಕಡೆ ಆದಿಕರ್ನಾಟಕ ಎಂಬ ಹೆಸರಿನಿಂದ ಎ.ಕೆ. ಕಾಲೋನಿ. ದೇವರಾಜ ಅರಸರ ಕಾಲದ ಜನತಾ ಮನೆಗಳಿಂದ ಜನತಾ ಕಾಲೋನಿ. ಆಮೇಲೆ ಅಂಬೇಡ್ಕರ್ ಕಾಲೋನಿ. ಜಾತಿ ಪ್ರಮಾಣಪತ್ರದಲ್ಲಿ ‘ಹರಿಜನ’ ಎಂದು ಬರೆಯಬಾರದೆಂದು ಕೇಂದ್ರ ಸರ್ಕಾರ 1982ರಲ್ಲೇ ಸೂಚಿಸಿತ್ತು. ಹೀಗಾಗಿ ಮುಂದಿನ ಅರ್ಧ ಮೆಲ್ಲಗೆ ಅಳಿಸಿತು, ಹಿಂದಿನ ಅರ್ಧ ಉಳಿಯಿತು. ಕಾಲೋನಿ ಎಂಬ ಪದ ಬಂದಾಗ ನಮ್ಮ ಅಜ್ಜಿಯಂಥವರಿಗೆ ಅದು ಗೌರವದ ಪದವೇ ಆಗಿತ್ತು ಎನ್ನುವುದನ್ನೂ ಹೇಳಬೇಕು. ಗುಡಿಸಲು ಹೋಗಿ ಹೆಂಚು ಬಂತು, ಹಳೇ ಬೈಗುಳದಂಥ ಹೆಸರು ಹೋಗಿ ಇಂಗ್ಲಿಷ್ ಹೆಸರು ಬಂತು. “ನಾವೀಗ ಕಾಲ್ನಿಯೋರು” ಅಂತ ಅಜ್ಜಿ ಕೊಂಚ ಜಂಬದಲ್ಲೇ ಹೇಳುತ್ತಿದ್ದಳು.

ಆ ಜಂಬ ಒಂದು ತಲೆಮಾರೂ ಬಾಳಲಿಲ್ಲ. ಇಲ್ಲಿ ಪದದ ಬಳಕೆಯನ್ನು ಸ್ವಲ್ಪ ಕಿವಿಗೊಟ್ಟು ಕೇಳಬೇಕು. ರೈಲ್ವೆ ಕಾಲೋನಿ, ಬ್ಯಾಂಕ್ ಕಾಲೋನಿ, ಕೆ.ಇ.ಬಿ. ಕಾಲೋನಿ, ದೆಹಲಿಗೆ ಹೋದರೆ ಡಿಫೆನ್ಸ್ ಕಾಲೋನಿ. ಇವುಗಳಲ್ಲಿ ಕೀಳು ಯಾವುದೂ ಇಲ್ಲ. ದೆಹಲಿಯದಂತೂ ಕೋಟ್ಯಧೀಶರ ಬಡಾವಣೆ. ಮುಂದೆ ಒಂದು ವಿಶೇಷಣ ಇದ್ದಷ್ಟು ಹೊತ್ತೂ ಪದ ಸಭ್ಯ. ವಿಶೇಷಣ ಬಿಟ್ಟು ಬರೀ ‘ಕಾಲೋನಿ’ ಅನ್ನಿ; ಅದು ಜಾಗದ ಹೆಸರಾಗಿ ಉಳಿಯುವುದಿಲ್ಲ, ಜಾತಿಯ ಹೆಸರಾಗುತ್ತದೆ. ‘ಕಾಲೋನಿಯವರು’, ‘ಕಾಲೋನಿ ಹುಡುಗ್ರು’, ‘ಕಾಲೋನಿ ಕಡೆಯೋರು’. ಜಾತಿ ಹೆಸರು ಹಿಡಿದು ಬೈದರೆ ಕೇಸಾಗುತ್ತದೆ ಅನ್ನುವ ಭಯ ಇರುವವರಿಗೆ ಈ ಪದ ಬಹಳ ಅನುಕೂಲ. ಮುಖದ ಮೇಲೆ ಅಂದರೂ ವಿಳಾಸ ಹೇಳಿದೆ ಅಂತ ಜಾರಿಕೊಳ್ಳಬಹುದು.

ನನ್ನ ಊರಿನ ಬಸ್ಸಿನಲ್ಲಿ ಕಂಡಕ್ಟರು “ಕಾಲೋನಿ ಯಾರ್ರೀ?” ಅಂತ ಕೂಗಿದರೆ ಮುದುಕಿಯರು, ಕೂಲಿಯವರು ಏಳುತ್ತಾರೆ. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಕೂತೇ ಇರುತ್ತಾರೆ. ಮುಂದಿನ ಸ್ಟಾಪಿನಲ್ಲಿ ಇಳಿದು ಅರ್ಧ ಮೈಲಿ ಹಿಂದಕ್ಕೆ ನಡೆಯುತ್ತಾರೆ. ನಾನು ಐದು ವರ್ಷ ನಡೆದಿದ್ದೇನೆ.

ಕೆಲಸ ಸಿಕ್ಕಿದ ಊರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಒಬ್ಬ ಮನೆಯೊಡತಿ ಬಹಳ ಪ್ರೀತಿಯಿಂದ ಕಾಫಿ ಕೊಟ್ಟು ಮಾತಾಡಿಸಿದರು. ಲೆಕ್ಚರರ್ ಅಂದದ್ದಕ್ಕೆ ಅಡ್ವಾನ್ಸಿನಲ್ಲೂ ಸ್ವಲ್ಪ ಬಿಟ್ಟರು. “ನಿಮ್ಮೂರಲ್ಲಿ ಮನೆ ಎಲ್ ಬರತ್ತಮ್ಮ?” ಅಂದರು. ಬಸ್ ಸ್ಟ್ಯಾಂಡ್ ಹತ್ತಿರ ಅಂದೆ. ಕರಾರು ಪತ್ರಕ್ಕೆ ಬೇಕು ಅಂತ ಆಧಾರ್ ಕಾರ್ಡಿನ ಜೆರಾಕ್ಸ್ ಕೇಳಿದರು, ಕೊಟ್ಟೆ. ಅದರ ವಿಳಾಸದಲ್ಲಿ ಎ.ಕೆ. ಕಾಲೋನಿ ಅಂತ ಇದೆ. ಸಂಜೆ ಫೋನ್ ಬಂತು: ಮನೆಯವರು ಮೊನ್ನೆನೇ ಬೇರೆ ಯಾರಿಗೋ ಮಾತು ಕೊಟ್ಟಿದ್ದರಂತೆ, ಅವರಿಗೆ ಗೊತ್ತೇ ಇರಲಿಲ್ಲವಂತೆ. ಬೇರು, ವ್ಯುತ್ಪತ್ತಿ ಎಲ್ಲ ನಾವು ಪಾಠದಲ್ಲಿ ಹೇಳುತ್ತೇವೆ. ಒಂದು ಪದಕ್ಕೆ ಎಷ್ಟು ಅರ್ಥ ಎಂಬುದನ್ನು ಕಲಿಸಿದ್ದು ಆ ಜೆರಾಕ್ಸ್ ಪ್ರತಿ.

ಪದಗಳು ತಮ್ಮ ಜಾಗದಲ್ಲಿ ಕೂತಿಲ್ಲ ಅನ್ನುವುದಕ್ಕೆ ಉತ್ತರ ಕರ್ನಾಟಕದ ಕಡೆಯ ಎರಡು ಪದ ನೋಡಿ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ತುಂಗಭದ್ರಾ ನಾಲೆಯ ನೀರು ಬಂದ ಮೇಲೆ ಆಂಧ್ರದಿಂದ ರೈತರು ಬಂದು ಜಮೀನು ಕೊಂಡು, ಭತ್ತ ಬೆಳೆದು ನೆಲೆಸಿದರು. ಹೊರಗಿನಿಂದ ಬಂದವರು, ನೆಲ ಹಿಡಿದು ಉತ್ತವರು. ಕೊಲೋನಿಯಾ ಎಂದರೆ ಇದೇ ಅಲ್ಲವೇ? ಆದರೆ ಅವುಗಳನ್ನು ಜನ ಕರೆಯುವುದು ‘ಕ್ಯಾಂಪ್’ ಎಂದು. ನಾಳೆ ಡೇರೆ ಕಿತ್ತುಕೊಂಡು ಹೋಗುವವರ ಹಾಗೆ. ಕ್ಯಾಂಪಿನವರು ಜಮೀನಿನ ಒಡೆಯರು. ತಲೆತಲಾಂತರದಿಂದ ಅದೇ ನೆಲದಲ್ಲಿರುವ ಕಾಲೋನಿಯವರು ಅವರ ಗದ್ದೆಗೆ ನಾಟಿ ಹಾಕಲು ಹೋಗುವ ಕೂಲಿಗಳು.

ಇನ್ನೊಂದು ಪದ ‘ಸೆಟ್ಲ್‌ಮೆಂಟ್’. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಇವತ್ತಿಗೂ ಆ ಹೆಸರಿನ ಜಾಗಗಳಿವೆ. ‘ಅಪರಾಧಿ ಬುಡಕಟ್ಟು’ ಎಂದು 1871ರಲ್ಲಿ ಶುರುವಾದ ಕಾನೂನಿನ ಅಡಿಯಲ್ಲಿ ಇಡೀ ಸಮುದಾಯಗಳನ್ನು ಬೇಲಿಯೊಳಗೆ ಕೂಡಿ, ದಿನವೂ ಹಾಜರಿ ಹಾಕಿಸುತ್ತಿದ್ದ ಸ್ಥಳಗಳು ಅವು. ಕಾನೂನು 1952ರಲ್ಲಿ ಹೋಯಿತು. ಹೆಸರು ಉಳಿದಿದೆ, ಹೆಸರಿನ ಜೊತೆ ಪೊಲೀಸರ ಅನುಮಾನವೂ ಉಳಿದಿದೆ.

ಈ ಹಿನ್ನೆಲೆಯಲ್ಲಿ ಬಾಬಾಸಾಹೇಬರು ಏನು ಕೇಳಿದ್ದರು ಎಂಬುದು ಮುಖ್ಯ. 1942ರ ಜುಲೈನಲ್ಲಿ ನಾಗಪುರದಲ್ಲಿ ನಡೆದ ಅಖಿಲ ಭಾರತ ಸಮ್ಮೇಳನದಲ್ಲಿ ಪರಿಶಿಷ್ಟ ಜಾತಿಗಳಿಗೆ ಪ್ರತ್ಯೇಕ ಹಳ್ಳಿಗಳು ಬೇಕು ಎಂಬ ನಿರ್ಣಯವಾಯಿತು. 1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಅದಕ್ಕಾಗಿ ಒಂದು ಸೆಟ್ಲ್‌ಮೆಂಟ್ ಕಮಿಷನ್ ಬೇಕೆಂದರು, ಸಾಗುವಳಿಗೆ ಯೋಗ್ಯವಾದ ಸರ್ಕಾರಿ ಪಾಳು ಜಮೀನನ್ನು ಅದರ ಕೈಗೆ ಕೊಟ್ಟು, ಅಲ್ಲಿ ನಮ್ಮವರ ಹಳ್ಳಿಗಳನ್ನು ಕಟ್ಟಬೇಕು ಎಂದರು. ಅವರ ವಾದ ಸ್ಪಷ್ಟ. ದಲಿತ ಹಳ್ಳಿಯ ಅಂಚಿನಲ್ಲಿ, ಅಲ್ಪಸಂಖ್ಯಾತನಾಗಿ, ಹೊಟ್ಟೆಗೆ ಊರಿನವರ ಹೊಲವನ್ನೇ ನಂಬಿ ಬದುಕುವ ತನಕ ಅಸ್ಪೃಶ್ಯತೆ ಹೋಗುವುದಿಲ್ಲ. ನಮ್ಮ ವಸತಿ ದಕ್ಷಿಣಕ್ಕೇ ಇರಬೇಕು, ಯಾಕೆಂದರೆ ಅದು ಅಶುಭ ದಿಕ್ಕು ಎಂಬ ಹಳ್ಳಿಯ ಕಟ್ಟಳೆಯನ್ನು ಅವರು ಬೇರೊಂದು ಕಡೆ ಪಟ್ಟಿ ಮಾಡಿದ್ದಾರೆ. ಸಂವಿಧಾನ ಸಭೆಯಲ್ಲಿ 1948ರ ನವೆಂಬರ್ 4ರಂದು ಹಳ್ಳಿಯ ಬಗ್ಗೆ ಅಷ್ಟು ಕಟುವಾಗಿ ಮಾತಾಡಿದವರು ಹಳ್ಳಿಯಿಂದ ಹೊರಬರುವ ದಾರಿಯನ್ನೂ ಯೋಚಿಸಿದ್ದರು. ಅವರು ಕೇಳಿದ್ದು ನಿಜವಾದ ಕೊಲೋನಿಯಾ: ಉಳಲು ನೆಲ, ಆ ನೆಲದ ಮೇಲೆ ಊರು.

ನಮಗೆ ಸಿಕ್ಕಿದ್ದು ಅದರ ತಲೆಕೆಳಗಾದ ರೂಪ. ಪ್ರತ್ಯೇಕತೆ ಉಳಿಯಿತು, ನೆಲ ಬರಲಿಲ್ಲ. ಅದೇ ಊರಿನ ಅಂಚು, ಅದೇ ಗೌಡರ ಹೊಲದ ಕೂಲಿ, ಮೇಲೆ ಒಂದು ಇಂಗ್ಲಿಷ್ ಹೆಸರು. ನಮ್ಮದು ಉಳುಮೆಯಿಲ್ಲದ ಕಾಲೋನಿ. ಪದದ ಬೇರನ್ನೇ ಕಿತ್ತು ನೆಟ್ಟ ಗಿಡ.

ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ಘೋಷಣೆ ಎಲ್ಲರಿಗೂ ಬಾಯಿಪಾಠ: ಉಳುವವನೇ ಹೊಲದೊಡೆಯ. ‘ಉಳುವವ’ ಎಂದರೆ ಕೊಲೊನುಸ್ ಅಲ್ಲವೇ? ಆದರೆ ಕಾನೂನಿನಲ್ಲಿ ಉಳುವವ ಎಂದರೆ ಗೇಣಿದಾರ. ಫಾರಂ ನಂಬರ್ 7 ತುಂಬಿ ಟ್ರಿಬ್ಯೂನಲ್ ಮುಂದೆ ಗೇಣಿ ಸಾಬೀತು ಮಾಡಿದವನು. ಗೇಣಿದಾರನ ಹೊಲದಲ್ಲಿ ನೇಗಿಲು ಹಿಡಿದವನು ಜೀತದಾಳು, ಕೂಲಿ, ಅವನು ಉಳುವವನಲ್ಲ. ಇದರಿಂದ ಶೂದ್ರ ಗೇಣಿದಾರರಿಗೆ ಆದ ಲಾಭವನ್ನು ನಾನು ಹೀಗಳೆಯುತ್ತಿಲ್ಲ, ಅದು ದೊಡ್ಡ ಕೆಲಸ. ದಲಿತ ಗೇಣಿದಾರರಿದ್ದಲ್ಲಿ ಅವರಿಗೂ ಸಿಕ್ಕಿದೆ. ಆದರೆ ಹೆಚ್ಚಿನವರ ಪಾಲಿಗೆ ಬಂದದ್ದು ನಿವೇಶನ, ಜಮೀನಲ್ಲ. ಭೂಸುಧಾರಣೆಗೆ ಹೆಸರಾದ ಕೇರಳದಲ್ಲೂ ಕಥೆ ಬೇರೆಯಲ್ಲ. ಅಲ್ಲಿ ಗೇಣಿದಾರರಿಗೆ ಹೊಲ ಹೋಯಿತು. ಒಡೆಯನ ನೆಲದಲ್ಲಿ ಗುಡಿಸಲು ಹಾಕಿಕೊಂಡಿದ್ದವರಿಗೆ ಹಳ್ಳಿಯಲ್ಲಾದರೆ 10 ಸೆಂಟ್, ಪುರಸಭೆಯಲ್ಲಿ 5, ನಗರದಲ್ಲಿ 3 ಸೆಂಟ್ ತನಕ ಹಕ್ಕು. 1972ರ ಲಕ್ಷಂ ವೀಡು ಯೋಜನೆಯಿಂದ ಸಾಲುಮನೆಗಳು ಎದ್ದವು, ಅವೂ ಕಾಲೋನಿಗಳಾದವು.

ಹೋಲಿಕೆಗೆ ನಮ್ಮ ರಾಜ್ಯದ್ದೇ ಇನ್ನೊಂದು ಉದಾಹರಣೆ ಕೊಡುತ್ತೇನೆ, ಅಸೂಯೆಯಿಂದಲ್ಲ. ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗೆ 1961ರಲ್ಲಿ ಬೈಲುಕುಪ್ಪೆಯಲ್ಲಿ ಸುಮಾರು 3000 ಎಕರೆ ಕೊಟ್ಟರು. ಮುಂಡಗೋಡಿನಲ್ಲೂ ಜಮೀನು ಕೊಟ್ಟು ಕೂರಿಸಿದರು. ಮುಂಡಗೋಡಿನದನ್ನು ಟಿಬೆಟನ್ ಕಾಲೋನಿ ಅಂತಲೇ ಕರೆಯುತ್ತಾರೆ. ದೇಶ ಕಳೆದುಕೊಂಡು ಬಂದವರಿಗೆ ಕೊಟ್ಟದ್ದು ಸರಿಯೇ. ಅಂದರೆ ಸರ್ಕಾರಕ್ಕೆ ಪದದ ಮೂಲ ಅರ್ಥ ಗೊತ್ತಿತ್ತು, ಜಮೀನು ಹುಡುಕುವುದೂ ಗೊತ್ತಿತ್ತು.

ಈಚೆಗೆ ಪದವನ್ನೇ ತೆಗೆದುಹಾಕುವ ಪ್ರಯತ್ನಗಳು ನಡೆದಿವೆ. ಮಹಾರಾಷ್ಟ್ರ ಸಂಪುಟ 2020ರ ಡಿಸೆಂಬರಿನಲ್ಲಿ ಜಾತಿಸೂಚಕ ವಾಡಾಗಳ ಹೆಸರು ಬದಲಿಸಲು ತೀರ್ಮಾನಿಸಿತು. ಕೇರಳದಲ್ಲಿ 2024ರ ಜೂನಿನಲ್ಲಿ, ಸಚಿವ ಕೆ. ರಾಧಾಕೃಷ್ಣನ್ ರಾಜೀನಾಮೆಗೆ ಮುಂಚೆ ಹೊರಡಿಸಿದ ಆದೇಶ ‘ಕಾಲೋನಿ’ಯನ್ನು ಕೈಬಿಟ್ಟು ನಗರ, ಉನ್ನತಿ, ಪ್ರಕೃತಿ ಮುಂತಾದ ಹೆಸರುಗಳನ್ನು ಸೂಚಿಸಿತು. ತಮಿಳುನಾಡಿನಲ್ಲಿ 2025ರ ಏಪ್ರಿಲ್ 29ರಂದು ಮುಖ್ಯಮಂತ್ರಿಯಾಗಿದ್ದ ಎಂ.ಕೆ. ಸ್ಟಾಲಿನ್ ವಿಧಾನಸಭೆಯಲ್ಲಿ, ಈ ಪದ ದಬ್ಬಾಳಿಕೆಯ ಮತ್ತು ಅಸ್ಪೃಶ್ಯತೆಯ ಗುರುತಾಗಿದೆ, ಬೈಗುಳವಾಗಿದೆ, ಸರ್ಕಾರಿ ದಾಖಲೆಗಳಿಂದ ತೆಗೆಯುತ್ತೇವೆ ಎಂದರು. ಆ ಜೆರಾಕ್ಸ್ ಪ್ರತಿ ಕೊಟ್ಟು ಮನೆ ಕಳೆದುಕೊಂಡವಳಾಗಿ ನಾನು ಇದನ್ನು ಸ್ವಾಗತಿಸುತ್ತೇನೆ. ಹೆಸರಿನಲ್ಲೇನಿದೆ ಅನ್ನುವವರಿಗೆ ಹೆಸರಿನಿಂದ ಏನೂ ಕಳೆದುಹೋಗಿರುವುದಿಲ್ಲ. ಆದರೆ ಅದೇ ತಮಿಳುನಾಡಿನ ಧರ್ಮಪುರಿಯ ಹತ್ತಿರ 2012ರ ನವೆಂಬರ್ 7ರಂದು, ಒಂದು ಅಂತರ್ಜಾತಿ ಮದುವೆಯ ನೆಪದಲ್ಲಿ ಮೂರು ದಲಿತ ವಸತಿಗಳಿಗೆ ನುಗ್ಗಿ 250ಕ್ಕೂ ಹೆಚ್ಚು ಮನೆಗಳಿಗೆ ಬೆಂಕಿ ಇಟ್ಟರು. ಅವುಗಳಲ್ಲಿ ಒಂದರ ಹೆಸರು ನತ್ತಂ ಕಾಲೋನಿ, ಇನ್ನೊಂದರ ಹೆಸರು ಅಣ್ಣಾ ನಗರ. ಬೆಂಕಿ ಇಟ್ಟವರು ಬೋರ್ಡ್ ಓದಿ ವ್ಯತ್ಯಾಸ ಮಾಡಲಿಲ್ಲ.

ಈಗ ನಮ್ಮ ವಿಮರ್ಶೆಯ ವಿಷಯ. ಎಂಬತ್ತು, ತೊಂಬತ್ತರ ದಶಕಗಳಿಂದ ಕನ್ನಡದಲ್ಲಿ ವಸಾಹತುಶಾಹಿ ಅನುಭವ, ದೇಸೀವಾದ, ನಿರ್ವಸಾಹತೀಕರಣ ಎಂದು ದೊಡ್ಡ ಚರ್ಚೆ ನಡೆಯಿತು. ಅದರಿಂದ ನಾವು ಕಲಿತಿದ್ದೇವೆ, ನಾನು ಎಂ.ಎ. ಪಾಸಾದದ್ದೇ ಅದನ್ನು ಬರೆದು. ಆದರೆ ಆ ಬರಹಗಳಲ್ಲಿ ಬಹುಪಾಲು ಕಡೆ ಚಿತ್ರ ಹೀಗಿರುತ್ತದೆ: ಇಂಗ್ಲಿಷರು ಬರುವ ಮುಂಚೆ ಒಂದು ಇಡಿಯಾದ ಊರು ಇತ್ತು, ಅದಕ್ಕೆ ತನ್ನದೇ ಅರಿವಿತ್ತು, ವಸಾಹತು ಅದನ್ನು ಒಡೆಯಿತು, ನಾವೀಗ ಮರಳಿ ಜೋಡಿಸಬೇಕು. ಯಾವ ಊರು ಇಡಿಯಾಗಿತ್ತು? ಮಧ್ಯೆ ಗೆರೆ ಎಳೆದು ಆಚೆಗೆ ಕೇರಿ ಇಟ್ಟದ್ದು ಯಾರು? ವಸಾಹತಿನ ವ್ಯಾಖ್ಯಾನ ಅಂತ ನಾವು ಪಾಠ ಮಾಡುವುದನ್ನೇ ಬರೆದಿಟ್ಟು ನೋಡಿ: ಒಬ್ಬರು ಇನ್ನೊಬ್ಬರ ದುಡಿಮೆಯನ್ನು ಪುಕ್ಕಟೆ ಪಡೆಯುವುದು, ವಾಸವನ್ನು ಬೇರೆ ಮಾಡುವುದು, ಕಲಿಕೆಯನ್ನು ತಡೆಯುವುದು, ಅವರಿಗೆ ಹೆಸರಿಡುವ ಹಕ್ಕನ್ನು ತಾವೇ ಇಟ್ಟುಕೊಳ್ಳುವುದು. ಇದು ಲಂಡನ್ ಮತ್ತು ಭಾರತದ ಸಂಬಂಧವೋ, ಊರು ಮತ್ತು ಕೇರಿಯ ಸಂಬಂಧವೋ?

ಅಮೆರಿಕದ ಕರಿಯ ಚಿಂತಕರು ಈ ಪ್ರಶ್ನೆಯನ್ನು ನೇರವಾಗಿ ಎತ್ತಿದರು. ಸ್ಟೋಕ್ಲಿ ಕಾರ್ಮೈಕಲ್ ಮತ್ತು ಚಾರ್ಲ್ಸ್ ಹ್ಯಾಮಿಲ್ಟನ್ 1967ರ ‘ಬ್ಲ್ಯಾಕ್ ಪವರ್’ ಪುಸ್ತಕದಲ್ಲಿ ಕರಿಯರ ಸ್ಥಿತಿ ಆ ದೇಶದೊಳಗಿನ ಕಾಲೋನಿಯ ಸ್ಥಿತಿ ಎಂದು ವಾದಿಸಿದರು. 1969ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಬ್ಲೌನರ್ ‘ಒಳವಸಾಹತು’ ಎಂಬ ಕಲ್ಪನೆಯಿಂದ ಅಲ್ಲಿನ ಘೆಟ್ಟೋಗಳನ್ನು ವಿವರಿಸಿದ. ಅಲ್ಲಿ ಪುಸ್ತಕ ಬರೆದು, ವಾದ ಮಾಡಿ ಒಪ್ಪಿಸಬೇಕಾದ ಮಾತನ್ನು ಇಲ್ಲಿ ಪಂಚಾಯ್ತಿಯವರು ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರದಲ್ಲಿ ಬರೆಸಿ ಊರ ಬಾಗಿಲಲ್ಲಿ ನೆಟ್ಟಿದ್ದಾರೆ. ನಾವು ಅದರ ಪಕ್ಕದಲ್ಲೇ ಬಸ್ಸಿನಲ್ಲಿ ಹೋಗಿ ವಸಾಹತುಶಾಹಿಯ ಮೇಲೆ ಪ್ರಬಂಧ ಮಂಡಿಸಿ ಬರುತ್ತೇವೆ.

ಅದಕ್ಕೇ ನನಗೆ ಒಂದು ಚಿಕ್ಕ ಅಂಜಿಕೆಯಿದೆ. ನಾಳೆ ನಮ್ಮಲ್ಲೂ ‘ಕಾಲೋನಿ’ ಪದ ದಾಖಲೆಗಳಿಂದ ಹೋಗಲಿ, ಹೋಗಬೇಕು. ಆದರೆ ಬೋರ್ಡಿನಿಂದ ಹೋದದ್ದು ವಿಮರ್ಶೆಯಿಂದಲೂ ಹೋಗಬಾರದು. ಅಲ್ಲಿ ಅದು ಸಾಕ್ಷಿ. ವಸಾಹತು ಎಂದು ಬರೆದ ಕಡೆಯಲ್ಲೆಲ್ಲ ಪಕ್ಕದಲ್ಲಿ ಕಾಲೋನಿ ಎಂದೂ ಬರೆದು ಓದುವ ಅಭ್ಯಾಸ ನಮಗೆ ಬೇಕಾಗಿದೆ.

ಮುಂದಿನ ವಾರದ ಕ್ಲಾಸಿನಲ್ಲಿ ನಾನು ಎರಡು ಪದಗಳನ್ನೂ ಮತ್ತೆ ಬರೆದೆ, ಎರಡನ್ನೂ ಕನ್ನಡದಲ್ಲೇ. ನಾನು ಎಲ್ಲಿಯವಳು ಎನ್ನುವುದನ್ನೂ ಹೇಳಿದೆ. ಯಾರೂ ನಗಲಿಲ್ಲ, ಕ್ಲಾಸಿನಲ್ಲಿ ಬೇರೆ ತರದ ಮೌನ ಇತ್ತು, ಅದನ್ನು ನಾನು ಇಲ್ಲಿ ಬಣ್ಣಿಸುವುದಿಲ್ಲ. ಎಲ್ಲರಿಗೂ ಒಂದು ಕೆಲಸ ಕೊಟ್ಟೆ: ನಿಮ್ಮ ಬೀದಿಗೆ ಜನ ಏನಂತ ಕರೆಯುತ್ತಾರೆ, ಅದರ ಚಕ್ಕುಬಂದಿ ಏನು, ಪೂರ್ವ ಪಶ್ಚಿಮ ಉತ್ತರ ದಕ್ಷಿಣಕ್ಕೆ ಯಾರ ಜಮೀನು, ಮನೆಯಲ್ಲಿ ಕೇಳಿ ಬರೆದು ತನ್ನಿ ಅಂತ. ಕಾಲೋನಿಗಳಿಂದ ಬರುವ ಏಳು ಜನ ಬರೆದು ತಂದರು. ಆರು ಜನರ ಹಾಳೆಯಲ್ಲಿ ನಾಲ್ಕು ದಿಕ್ಕಿಗೂ ಇದ್ದದ್ದು ಬೇರೆಯವರ ಹೊಲ, ರಸ್ತೆ, ಕೆರೆ, ಸ್ಮಶಾನ.

ಏಳನೆಯವನು ಆ ಕೊನೇ ಬೆಂಚಿನ ಹುಡುಗ. ಅವನ ಹಾಳೆಯಲ್ಲಿ ಪಶ್ಚಿಮಕ್ಕೆ ಎಂದು ಬರೆದು, ‘ನಮ್ಮ ತಾತನಿಗೆ ಗ್ರಾಂಟ್ ಆಗಿದ್ದ ಎರಡು ಎಕರೆ, ಈಗ ಬೇರೆಯವರದ್ದು’ ಎಂದಿತ್ತು. ತಾತ ಯಾವುದೋ ಮದುವೆ ಸಾಲಕ್ಕೆ ಬರೆದುಕೊಟ್ಟದ್ದಂತೆ. ಸಾಗುವಳಿ ಚೀಟಿ ಅಜ್ಜಿಯ ಟ್ರಂಕಿನಲ್ಲಿದೆಯಂತೆ. ಹೀಗೆ ಪರಿಶಿಷ್ಟರಿಗೆ ಮಂಜೂರಾದ ಜಮೀನು ಷರತ್ತು ಮೀರಿ ಕೈಬದಲಾಗಿದ್ದರೆ ಬಿಡಿಸಿಕೊಡುವ ಕಾಯ್ದೆ ನಮ್ಮ ರಾಜ್ಯದಲ್ಲಿ 1978ರಿಂದ ಇದೆ. ಜನ ಅದನ್ನು ಪಿ.ಟಿ.ಸಿ.ಎಲ್. ಅನ್ನುತ್ತಾರೆ. ಅರ್ಜಿ ಕೊಡಬೇಕಾದ್ದು ಎ.ಸಿ. ಅವರಿಗೆ. ತಡವಾಗಿ ಬಂದ ಅರ್ಜಿಗಳು ನಿಲ್ಲುವುದಿಲ್ಲ ಎಂದು 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಬಹಳಷ್ಟು ಕೇಸುಗಳು ಬಿದ್ದುಹೋದವು. 2023ರಲ್ಲಿ ಸರ್ಕಾರ ಕಾಲಮಿತಿ ಇಲ್ಲವೆಂದು ತಿದ್ದುಪಡಿ ತಂದಿತು. ಆ ತಿದ್ದುಪಡಿಯ ಅರ್ಥದ ಮೇಲೂ ಕೋರ್ಟುಗಳಲ್ಲಿ ವಾದ ನಡೆದಿದೆ. ಇದೆಲ್ಲ ಅವನಿಗೆ ಹೇಳುವ ಮುಂಚೆ ನಾನೇ ಓದಬೇಕಾಯಿತು, ಕನ್ನಡ ಎಂ.ಎ.ಯಲ್ಲಿ ಇದು ಇರಲಿಲ್ಲ. ಸೋಮವಾರ ಅವನ ಅಜ್ಜಿ ಚೀಟಿ ತರುತ್ತಾಳೆ. ಹತ್ತೂವರೆಗೆ ಎ.ಸಿ. ಆಫೀಸಿನ ಮುಂದೆ ಸೇರುವುದು ಅಂತ ಮಾತಾಗಿದೆ.